ಬಾವಿಯ ಸಾಲ, ಕಾಲುವೆಯ ಪಾಲು

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ, ಸೌತ್ ಪ್ಲಾಟ್ ನದಿಯ ಆಸುಪಾಸಿನ ಹೊಲಗಳಿಗೆ ಬಾವಿಯಿಂದ ನೀರೆತ್ತುವವರು ನದಿಗೆ ಲೆಕ್ಕ ಒಪ್ಪಿಸಬೇಕು. ಎತ್ತಿದ್ದೆಷ್ಟು, ಅದರಿಂದ ಹೊಳೆಗೆ ಯಾವ ತಿಂಗಳು ಎಷ್ಟು ಕೊರತೆ ಬಿತ್ತು, ಆ ಕೊರತೆ ತುಂಬಿದ್ದು ಯಾವ ನೀರಿನಿಂದ ಎಂಬ ಲೆಕ್ಕ. ತುಂಬಿಕೊಡುವ ನೀರು ಎಷ್ಟೋ ಸಲ ಹಳೆಯ ನೀರಾವರಿ ಕಾಲುವೆಯೊಂದರ ಷೇರಿನದು.

ಷೇರು ಹುಟ್ಟಿದ್ದು 19ನೇ ಶತಮಾನದ ವಲಸೆಗಾರರ ಕಾಲದಲ್ಲಿ. ಮಳೆ ಕಡಿಮೆಯಿರುವ ಆ ಬಯಲಿನಲ್ಲಿ ರೈತರು ಕೂಡಿ ದುಡ್ಡು ಹಾಕಿ, ಮೈಮುರಿದು ಕಾಲುವೆ ತೋಡಿದರು. ಹಾಕಿದ್ದಕ್ಕೆ ತಕ್ಕಂತೆ ಕಾಲುವೆ ಕಂಪನಿಯಲ್ಲಿ ಪಾಲು ಪಡೆದರು. 1874ರ ಬರದಲ್ಲಿ ಮೇಲ್ದಂಡೆಯ ಫೋರ್ಟ್ ಕಾಲಿನ್ಸ್‌ನ ಹೊಸ ಕಾಲುವೆಗಳು ನೀರು ಸೆಳೆದುಕೊಂಡು, 1870ರಲ್ಲೇ ನೆಲೆಯೂರಿದ್ದ ಗ್ರೀಲಿಯ ಬೆಳೆಗೆ ನೀರಿಲ್ಲದಾಯಿತು. ನದಿ ನೀರನ್ನು ಮೊದಲು ಬಳಕೆಗೆ ತಿರುಗಿಸಿಕೊಂಡವರದೇ ಹಿರಿಯ ಹಕ್ಕು ಎಂಬ ನಿಯಮವನ್ನು 1876ರ ರಾಜ್ಯ ಸಂವಿಧಾನ ಎತ್ತಿಹಿಡಿಯಿತು. ದಂಡೆಯಲ್ಲಿ ಜಮೀನಿದೆ ಎಂದಮಾತ್ರಕ್ಕೆ ನೀರು ಸಿಗದು ಎಂದು 1882ರಲ್ಲಿ ಲೆಫ್ಟ್ ಹ್ಯಾಂಡ್ ಕಾಲುವೆಯ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟೂ ಹೇಳಿತು. ಹಿರಿಯ ಹಕ್ಕಿನವರಿಗೆ ನೀರು ಸಾಲದಿದ್ದರೆ ಕಿರಿಯರು ತೂಬು ಮುಚ್ಚಬೇಕು.

ಈ ಏರ್ಪಾಡಿನೊಳಗೆ ಬಾವಿ ನುಸುಳಿದ್ದು ತಡವಾಗಿ. 1930ರ ದಶಕದ ಬರ, ಟರ್ಬೈನ್ ಪಂಪು, ಹಳ್ಳಿಗೆ ಬಂದ ವಿದ್ಯುತ್ತು, 1950ರ ದಶಕದ ಮತ್ತೊಂದು ಬರ ಎಲ್ಲ ಸೇರಿ ಸಾವಿರಾರು ಬಾವಿಗಳಾದವು. ನದಿಯ ಇಕ್ಕೆಲದ ಮರಳು, ಗರಸಿನ ಪದರದಲ್ಲಿರುವುದು ನದಿಯದ್ದೇ ನೀರು. ಬಾವಿ ಎಳೆದಷ್ಟೂ ಹೊಳೆ ತಗ್ಗುತ್ತದೆ. ಆದರೆ ಕಾಲುವೆಯ ತೂಬು ಕಣ್ಣಿಗೆ ಕಾಣುವಂತೆ ಈ ಸೆಳೆತ ಕಾಣುವುದಿಲ್ಲ. ಹಿರಿಯ ಹಕ್ಕಿನ ಕಾಲುವೆಗಳು ಬತ್ತತೊಡಗಿದ ಮೇಲೆ ಸರ್ಕಾರ ರಾಜ್ಯದ ಇನ್ನೊಂದು ನದಿ ಅರ್ಕನ್ಸಾದ ಕಣಿವೆಯಲ್ಲಿ ಕೆಲವು ಬಾವಿಗಳನ್ನು ನಿಲ್ಲಿಸಹೊರಟಿತು. ಫೆಲ್ಹಾವರ್ ಪ್ರಕರಣದಲ್ಲಿ 1968ರಲ್ಲಿ ಕೋರ್ಟು ಅದಕ್ಕೆ ತಡೆಯೊಡ್ಡಿತು. ಮನಬಂದಂತೆ ಬಾವಿ ಮುಚ್ಚಿಸಬಾರದು, ನಿಯಮವಿರಬೇಕು, ಹಿರಿಯರ ಹಕ್ಕು ಕಾಯುತ್ತಲೇ ಇರುವ ನೀರೆಲ್ಲ ಗರಿಷ್ಠ ಬಳಕೆಗೆ ಬರಬೇಕು ಎಂದಿತು.

ಮರುವರ್ಷದ ಕಾಯ್ದೆ ನದಿ ಮತ್ತು ಬಾವಿಗಳನ್ನು ಒಂದೇ ಹಕ್ಕಿನ ಸಾಲಿನಲ್ಲಿ ನಿಲ್ಲಿಸಿತು, ಏಳು ವಿಭಾಗಗಳಲ್ಲಿ ನೀರಿನ ನ್ಯಾಯಾಲಯಗಳನ್ನು ತೆರೆಯಿತು. ಕಿರಿಯ ಹಕ್ಕಿನ ಬಾವಿಗೂ ಬದುಕುವ ದಾರಿ ತೋರಿಸಿತು: ಹೊಳೆಗೆ ಆಗುವ ನಷ್ಟ ತುಂಬಿಕೊಡುವ ಯೋಜನೆಗೆ ನ್ಯಾಯಾಲಯದ ಒಪ್ಪಿಗೆ ಪಡೆದರೆ ಪಂಪು ಓಡಿಸಬಹುದು. ಇಡೀ ಕಥೆಯಲ್ಲಿ ನನಗೆ ಅತ್ಯಂತ ನ್ಯಾಯಯುತವೆನಿಸುವ ಘಟ್ಟ ಇದೇ.

ಷೇರು ಕೊಂಡರೆ ಕೆಲಸ ಮುಗಿಯಿತೇ? ಇಲ್ಲ. ಕಾಲುವೆಯಿಂದ ಹೊಲಕ್ಕೆ ಹರಿದ ನೀರೆಲ್ಲ ಬೆಳೆ ಕುಡಿಯುವುದಿಲ್ಲ. ನೂರು ಪಾಲು ಬಿಟ್ಟಲ್ಲಿ ಐವತ್ತನ್ನು ಬೆಳೆ ಹೀರಿದರೆ, ಉಳಿದದ್ದು ಬಸಿನೀರಾಗಿ ನದಿ ಸೇರುತ್ತದೆ. ಆ ಬಸಿನೀರನ್ನು ನಂಬಿ ಕೆಳಗೆ ಬೇರೆಯವರ ಹಕ್ಕುಗಳು ನಿಂತಿವೆ. ಹಾಗಾಗಿ ನದಿಯ ಸಾಲಕ್ಕೆ ಜಮೆಯಾಗುವುದು ಬೆಳೆ ಹೀರುತ್ತಿದ್ದ ಐವತ್ತು ಮಾತ್ರ. ಬಸಿನೀರು ಮೊದಲಿನಂತೆಯೇ, ಅದೇ ಕಾಲಕ್ಕೆ, ಅಷ್ಟೇ ಪ್ರಮಾಣದಲ್ಲಿ ನದಿಗೆ ಸೇರುತ್ತಿರಬೇಕು. ಆ ಷೇರಿನ ನೀರು ಉಣ್ಣುತ್ತಿದ್ದ ಹೊಲ ಇನ್ನು ಆ ನೀರು ಕಾಣಕೂಡದು. ಇದನ್ನೆಲ್ಲ ಸಾಬೀತು ಮಾಡಲು ದಶಕಗಳ ಬೆಳೆ, ನೀರಿನ ದಾಖಲೆ ಕೆದಕಬೇಕು, ಎಂಜಿನಿಯರನ್ನೂ ವಕೀಲರನ್ನೂ ಹಿಡಿಯಬೇಕು.

ಇನ್ನೊಂದು ತೊಡಕು ಕಾಲದ್ದು. ಜುಲೈಯಲ್ಲಿ ಎತ್ತಿದ ನೀರಿನ ಪೆಟ್ಟು ನದಿಗೆ ತಟ್ಟುವುದು ತಿಂಗಳುಗಳ ಮೇಲೆ, ಬಾವಿ ದೂರವಿದ್ದರೆ ವರ್ಷಗಳ ಮೇಲೆ. ಕಾಲುವೆ ನೀರಿಗೋ ಬೇಸಿಗೆಯಲ್ಲಿ ಭರಾಟೆ. ಅದಕ್ಕೇ ಕಾಲುವೆಯಿಂದ ಇಂಗುಕೆರೆಗಳಿಗೆ ನೀರು ಬಿಟ್ಟು, ಅದು ಮರಳಿನೊಳಗೆ ನಿಧಾನ ನಡೆದು, ಕೊರತೆ ಬೀಳುವ ಹೊತ್ತಿಗೆ ನದಿ ತಲುಪುವಂತೆ ಗಣಿಸುತ್ತಾರೆ. ಪಂಪು ನಿಲ್ಲಿಸಿದ ಮೇಲೂ ಹಳೆಯ ಸಾಲ ತೀರುವವರೆಗೆ ತುಂಬಿಕೊಡಲೇಬೇಕು.

ಕಾಯ್ದೆ ಬಂದರೂ ಮೂರು ದಶಕ ಬಹುಪಾಲು ಬಾವಿಗಳು ವರ್ಷವರ್ಷದ ತಾತ್ಕಾಲಿಕ ಅನುಮತಿಯಲ್ಲೇ ನಡೆದವು. 1972ರಲ್ಲಿ ಹುಟ್ಟಿದ ಗ್ಯಾಸ್ಪ್ ಎಂಬ ಬಾವಿದಾರರ ಸಂಘ ಸದಸ್ಯರಿಂದ ಶುಲ್ಕ ಕೂಡಿಸಿ, ಹೆಚ್ಚಾಗಿ ಬಾಡಿಗೆ ನೀರಿನಿಂದ ಕೊರತೆ ತುಂಬುತ್ತಿತ್ತು. ನೀರು ಸಮೃದ್ಧವಾಗಿದ್ದ ವರ್ಷಗಳಲ್ಲಿ ಇದು ಸಾಗಿತು. ಹೀಗೆ ಅನುಮತಿ ಕೊಡುವ ಅಧಿಕಾರ ನೀರಿನ ಹಂಚಿಕೆ ನೋಡಿಕೊಳ್ಳುವ ರಾಜ್ಯ ಎಂಜಿನಿಯರಿಗಿಲ್ಲ ಎಂದು 2001ರ ಕೊನೆಯಲ್ಲಿ ಎಂಪೈರ್ ಲಾಡ್ಜ್ ತೀರ್ಪು ಬಂತು. 2002ರಲ್ಲಿ ಭೀಕರ ಬರ. 2005ರ ಕೊನೆಯೊಳಗೆ ಎಲ್ಲರೂ ನ್ಯಾಯಾಲಯಕ್ಕೆ ಯೋಜನೆ ಸಲ್ಲಿಸಬೇಕಾಯಿತು. 2006ರ ಮೇ ತಿಂಗಳಲ್ಲಿ, ಬಿತ್ತನೆ ಆದಮೇಲೆ, ಸುಮಾರು 440 ಬಾವಿಗಳು ನಿಂತವು. ಗ್ಯಾಸ್ಪ್ ಮುಚ್ಚಿತು. ಸ್ವಂತ ಷೇರಿಲ್ಲದೆ ಬಾಡಿಗೆ ನೀರನ್ನೇ ನಂಬಿದ್ದವರ ಪಾಡು ಆಗ ಬಯಲಾಯಿತು. ಅಷ್ಟರಲ್ಲಿ ನಗರಗಳ ಪೈಪೋಟಿಯಿಂದ ಷೇರಿನ ಬೆಲೆ ಸಣ್ಣ ರೈತನ ಕೈಮೀರಿತ್ತು.

ಅರ್ಕನ್ಸಾ ಕಣಿವೆಯಲ್ಲಿ ಒತ್ತಡ ಬಂದದ್ದು ಪಕ್ಕದ ರಾಜ್ಯದಿಂದ. ಬಾವಿಗಳಿಂದ ತನ್ನ ಪಾಲಿನ ನೀರು ಕುಸಿದಿದೆ ಎಂದು ಕ್ಯಾನ್ಸಸ್ 1985ರಲ್ಲಿ ದಾವೆ ಹೂಡಿತು, 1995ರಲ್ಲಿ ದೇಶದ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಕೊಲೊರಾಡೊ 3 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ತೆತ್ತಿತು.

ಲೆಕ್ಕ ಸರಿ ಹೋಗಿರಬಹುದು, ನೆಲದ ಮೇಲೆ ನೋವು ಉಳಿದಿದೆ. ಒಂದು ಹೊಲದ ಬಾವಿ ಓಡಲು ಇನ್ನೊಂದು ಹೊಲ ಬೀಳು ಬೀಳಬೇಕು. 1970–80ರ ದಶಕಗಳಲ್ಲಿ ನಗರಗಳು ತಮ್ಮ ಕುಡಿಯುವ ನೀರಿಗೆಂದು ಷೇರು ಕೊಂಡ ಅರ್ಕನ್ಸಾ ಕಣಿವೆಯ ಕ್ರೌಲಿ ಕೌಂಟಿಯಲ್ಲಿ ನೀರಾವರಿಯ ಬಹುಭಾಗ ಅಳಿಸಿಹೋಗಿ ಕಳೆ, ಧೂಳು ಉಳಿಯಿತು. ಸೌತ್ ಪ್ಲಾಟ್‌ನಲ್ಲಿ ತದ್ವಿರುದ್ಧದ ಕಷ್ಟ: ಬಾವಿಗಳು ನಿಂತು, ಇಂಗುಕೆರೆಗಳು ತುಂಬಿದ ಮೇಲೆ, ಗಿಲ್‌ಕ್ರೆಸ್ಟ್ ಊರಿನ ಮನೆಗಳ ನೆಲಮಾಳಿಗೆಗೆ ಅಂತರ್ಜಲ ಉಕ್ಕಿತು. ಅದರ ಕಾರಣ ಹುಡುಕಲು ಶಾಸನಸಭೆ 2012ರಲ್ಲಿ ಅಧ್ಯಯನಕ್ಕೆ ಆದೇಶಿಸಿತು. ತುಂಬಿಕೊಡುವ ಬಾಧ್ಯತೆಯನ್ನಂತೂ ಯಾರೂ ಕೈಬಿಟ್ಟಿಲ್ಲ. ಈಗಿನ ಚರ್ಚೆ ಷೇರನ್ನು ಶಾಶ್ವತವಾಗಿ ಮಾರದೆ, ಹೊಲವನ್ನು ಸರದಿಯಂತೆ ಒಂದೆರಡು ವರ್ಷ ಪಾಳುಬಿಟ್ಟು ಆ ನೀರನ್ನು ಗುತ್ತಿಗೆ ಕೊಡುವುದು ಹೇಗೆ ಎಂಬುದರ ಬಗ್ಗೆ.