‘ಹಳೇದೇ ಹಾಕಿಕೊಡಿ’

ತಿಪಟೂರಿನಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಬಾಗಿಲು ತೆಗೆದ ಮೊದಲ ದಿನದಿಂದ ಒಂದು ರಿಜಿಸ್ಟರ್ ಬರೆದಿಟ್ಟಿದ್ದೇನೆ: ತಾರೀಖು, ಹೆಸರು, ಏನು ತೊಂದರೆ, ಎಷ್ಟು ಕೊಟ್ಟರು. ಮೊನ್ನೆ ಹಳೇ ಪುಟಗಳನ್ನು ತಿರುವುತ್ತಿದ್ದಾಗ ‘ಏನು ತೊಂದರೆ’ ಕಾಲಂನಲ್ಲಿ ಒಂದೇ ಮಾತು ಮೂರು ಕಾಲದಲ್ಲಿ ಸಾಲುಗಟ್ಟಿ ನಿಂತಿರುವುದು ಕಂಡಿತು: ‘ಹಳೇದೇ ಹಾಕಿಕೊಡಿ.’

ಮೊದಲ ಸಲ 2014ರಲ್ಲಿ. ಆ ಏಪ್ರಿಲ್ 8, ರಾಮನವಮಿಯ ದಿನ, ವಿಂಡೋಸ್ ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ ಕೈಬಿಟ್ಟಿತು. 2020ರ ಜನವರಿ 14ಕ್ಕೆ, ಸಂಕ್ರಾಂತಿಯ ಹಿಂದಿನ ದಿನ, ವಿಂಡೋಸ್ 7ರ ಸರದಿ. 2025ರ ಅಕ್ಟೋಬರ್ 14ಕ್ಕೆ, ದೀಪಾವಳಿಯ ಹಿಂದಿನ ವಾರ, ವಿಂಡೋಸ್ 10. ಎಕ್ಸ್‌ಪಿ ತೆಗೆಯಬೇಡ ಎಂದು ನನ್ನ ಮೇಲೆ ರೇಗಿದ್ದ ಕೊಬ್ಬರಿ ಮಂಡಿ ಸಾಹುಕಾರರೇ ಆರು ವರ್ಷದ ಮೇಲೆ 7ನ್ನು ಬಿಡಲೊಲ್ಲದೆ ಕೂತರು. ಈಗ 10ರ ಪರ ವಕಾಲತ್ತು ವಹಿಸಿದ್ದಾರೆ. 10 ಬಂದಾಗ ಅದನ್ನು ಬೈದಿದ್ದು ಅವರಿಗೆ ನೆನಪಿಲ್ಲ. ನನ್ನ ರಿಜಿಸ್ಟರ್‌ಗಿದೆ.

ಕೈಬಿಡುವುದು ಅಂದರೇನು ಎಂದು ದಿನಕ್ಕೆ ನಾಲ್ಕು ಜನ ಕೇಳುತ್ತಾರೆ. ಆ ತಾರೀಖಿಗೆ ಕಂಪ್ಯೂಟರ್ ನಿಂತುಹೋಗುವುದಿಲ್ಲ. ಟ್ಯಾಲಿ ತೆರೆಯುತ್ತೆ, ಪ್ರಿಂಟ್ ಬರುತ್ತೆ. ನಿಲ್ಲುವುದು ಮುಖ್ಯವಾಗಿ ಭದ್ರತೆಯ ಅಪ್‌ಡೇಟ್. ವಿಂಡೋಸ್‌ನಲ್ಲಿ ಆಗಾಗ ಕಿಂಡಿಗಳು ಕಾಣಿಸಿಕೊಳ್ಳುತ್ತವೆ, ಕಂಪನಿ ತಿಂಗಳು ತಿಂಗಳು ಅವನ್ನು ಮುಚ್ಚುತ್ತದೆ. ಕೈಬಿಟ್ಟ ಮೇಲೆ ಕಳ್ಳರಿಗೆ ಗೊತ್ತಾದ ಕಿಂಡಿ ಹಾಗೇ ತೆರೆದಿರುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ಪಿಡುಗು ಬಂತಲ್ಲ, ಕಡತಗಳಿಗೆಲ್ಲ ಬೀಗ ಜಡಿದು ದುಡ್ಡು ಕೇಳಿದ್ದು, ಅದು ನುಗ್ಗಿದ ಕಿಂಡಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರ ಗಣಕಗಳಿಗೆ ಅದು ನುಗ್ಗಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ತತ್ತರಿಸಿದವು.

ಹಾಗಂತ ಜನರ ಗೊಣಗಾಟವೆಲ್ಲ ದಂಡ ಅಂತಲ್ಲ. 2012ರಲ್ಲಿ ಬಂದ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ನೇ ಇರಲಿಲ್ಲ. ಬಂದವರೆಲ್ಲ ‘ಆಫ್ ಮಾಡೋದು ಎಲ್ಲಿ ಸಾರ್?’ ಅಂತ ಕೇಳಿದ್ದೇ ಕೇಳಿದ್ದು. ಲೋಕವೆಲ್ಲ ಬೈದ ಮೇಲೆ ಮರುವರ್ಷ 8.1ರಲ್ಲಿ ಬಟನ್ ಮರಳಿತು. ಹಳೇ ಧಾಟಿಯ ಮೆನು ಬರಲು 2015ರ ವಿಂಡೋಸ್ 10ರವರೆಗೆ ಕಾಯಬೇಕಾಯಿತು.

ವಿಂಡೋಸ್ 11ರ ಬಗ್ಗೆ ನನ್ನ ಪುಸ್ತಕದಲ್ಲಿರುವ ದೂರುಗಳು ಹೆಚ್ಚಿನವು ಕೈಯ ರೂಢಿಯವು. ಸ್ಟಾರ್ಟ್ ಬಟನ್ ಎಡಮೂಲೆಯಿಂದ ನಡುವಿಗೆ ಬಂದಿದೆ. ಬಲಗಡೆ ಕ್ಲಿಕ್ ಮಾಡಿದರೆ ಮೊದಲಿದ್ದ ಪಟ್ಟಿ ಅರ್ಧಕ್ಕರ್ಧ ಮಾಯ. ಎರಡಕ್ಕೂ ಮದ್ದಿದೆ. ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ಗೆ ಹೋದರೆ ಬಟನ್ನನ್ನು ಎಡಕ್ಕೆ ಎಳೆಯಬಹುದು. ಶಿಫ್ಟ್ ಒತ್ತಿ ಎಫ್10 ಒತ್ತಿದರೆ ಹಳೇ ಪಟ್ಟಿ ಎದುರಿಗೆ ಬರುತ್ತೆ.

ಕಷ್ಟದ ದೂರು ಬೇರೆ ಇದೆ: ‘ನನ್ನ ಸಿಸ್ಟಂಗೆ 11 ಆಗಲ್ಲ ಅಂತಿದೆ.’ ಮೊದಲೆಲ್ಲ ರ್‍ಯಾಮ್ ಹೆಚ್ಚು ಹಾಕಿದರೆ ಮುಗಿಯುತ್ತಿತ್ತು. ಈ ಸಲ ಟಿಪಿಎಂ 2.0 ಬೇಕು. ಅದು ಗೂಢಲಿಪಿಯ ಕೀಲಿಗಳನ್ನು ಬಚ್ಚಿಡುವ ಪುಟ್ಟ ತಿಜೋರಿ. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯ ಪ್ರೊಸೆಸರ್‌ನಿಂದ ಈಚಿನದಾಗಿರಬೇಕು. ಆದರೆ ತಿಜೋರಿ ಇದ್ದೂ ಮುಚ್ಚಿಕೊಂಡಿರುವ ಯಂತ್ರಗಳು ಎಷ್ಟೋ. ಸಾಹುಕಾರರ ಮಗ ಹೊಸದು ಕೊಳ್ಳಲು ಹೊರಟಿದ್ದ. ಅವರದು 2020ರಲ್ಲಿ ತಂದ ಯಂತ್ರ. ಬಯಾಸ್‌ಗೆ ಹೋಗಿ ಪಿಟಿಟಿ ಅನ್ನುವುದನ್ನು ಆನ್ ಮಾಡಿದೆ, ಅಷ್ಟೇ. ಎಎಂಡಿಯಲ್ಲಿ ಅದರ ಹೆಸರು ಎಫ್‌ಟಿಪಿಎಂ. ಹೊಸದು ಕೊಳ್ಳುವ ಮುಂಚೆ ಇದನ್ನು ನೋಡಿಸಿ.

ಎಲ್ಲರಿಗೂ 11 ಹಾಕು ಅನ್ನುವವನು ನಾನಲ್ಲ. ಲಗ್ನಪತ್ರಿಕೆ ಅಚ್ಚು ಹಾಕುವ ನಮ್ಮ ಪಕ್ಕದ ಪ್ರೆಸ್‌ನಲ್ಲಿ ಪುಟ ಜೋಡಿಸಲು ಇವತ್ತಿಗೂ ಹಳೇ ಪೇಜ್‌ಮೇಕರ್ 7. ಯಂತ್ರವೂ ಮುದಿ. ಅದರ ನೆಟ್ ತಂತಿ ಕಿತ್ತು, ‘ಅಣ್ಣ, ಇದನ್ನ ಮುಟ್ಟಬೇಡ, ಪೆನ್‌ಡ್ರೈವ್‌ನ ಬೇರೆ ಸಿಸ್ಟಂನಲ್ಲಿ ಸ್ಕ್ಯಾನ್ ಮಾಡದೆ ಚುಚ್ಚಬೇಡ’ ಅಂದೆ. ಬರೀ ನೆಟ್ ನೋಡುವವರ ಹಳೇ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ, ಅದಕ್ಕೆ ಕಾಸಿಲ್ಲ. 10ರಲ್ಲೇ ಇರುತ್ತೇವೆ ಅನ್ನುವ ಮನೆಬಳಕೆಯವರು ಮೈಕ್ರೋಸಾಫ್ಟ್ ಖಾತೆಯಿಂದ ಹೆಸರು ನೋಂದಾಯಿಸಿದರೆ ಒಂದು ವರ್ಷದ ಹೆಚ್ಚುವರಿ ರಕ್ಷಣೆ ಸಿಗುತ್ತೆ, 2026ರ ಅಕ್ಟೋಬರ್ 13ರವರೆಗೆ.

ನನ್ನದೊಂದು ತಪ್ಪೂ ಪುಸ್ತಕದಲ್ಲಿದೆ. 2020ರಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಸಿಸ್ಟಂಗೆ ಫಾರ್ಮ್ಯಾಟ್ ಹೊಡೆದು 10 ಹಾಕಿದೆ. ಅವರು ‘ನುಡಿ’ ತಂತ್ರಾಂಶದಲ್ಲಿ ಊರಿನ ಚರಿತ್ರೆ ಬರೆದಿಟ್ಟಿದ್ದರು. ಕಡತವನ್ನೇನೋ ಉಳಿಸಿದ್ದೆ, ಫಾಂಟ್ ಮರೆತಿದ್ದೆ. ತೆರೆದರೆ ಒಂದೂ ಕನ್ನಡ ಅಕ್ಷರವಿಲ್ಲ, ಎಲ್ಲ ಇಂಗ್ಲಿಷಿನ ಕಸ. ‘ಎಲ್ಲಾ ಹೋಯ್ತೇನಪ್ಪಾ?’ ಅಂದರು. ಹೋಗಿರಲಿಲ್ಲ. ಆ ಹಳೇ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಮನೆಯೊಳಗೆ ಕನ್ನಡದ ಆಕಾರ ಕೂತಿರುತ್ತದೆ, ಫಾಂಟ್ ಇಲ್ಲದಿದ್ದರೆ ಮನೆಯ ಮೂಲ ಯಜಮಾನ ಕಾಣಿಸಿಕೊಳ್ಳುತ್ತಾನೆ. ಫಾಂಟ್ ಹಾಕಿದ ಮೇಲೆ ಕನ್ನಡ ಮರಳಿತು. ಆದರೆ ‘ಹೊಸ ವಿಂಡೋಸ್ ಕನ್ನಡ ತಿನ್ನುತ್ತೆ’ ಎಂದು ಮೇಷ್ಟ್ರು ಊರೆಲ್ಲ ಹೇಳಿದರು. ನನ್ನ ಮರೆವಿಗೆ ವಿಂಡೋಸ್ ಬೈಸಿಕೊಂಡಿತು. ಈ ಸಲ ಅವರ ಬರಹವನ್ನೆಲ್ಲ ಮೊದಲು ಯೂನಿಕೋಡ್‌ಗೆ ಬದಲಿಸಿ, ಎರಡು ಕಡೆ ನಕಲು ಮಾಡಿ, ಆಮೇಲೆ ಯಂತ್ರಕ್ಕೆ ಕೈ ಹಚ್ಚಿದೆ.

ಅದಕ್ಕೇ ಈಗ ಯಾರಾದರೂ ‘11 ಹೇಗಿದೆ?’ ಅಂದರೆ ಉತ್ತರ ಕೊಡುವುದಿಲ್ಲ. ‘ನಿಮ್ಮ ಸಿಸ್ಟಂನಲ್ಲಿ ಏನೇನು ಕೆಲಸ ಮಾಡ್ತೀರಿ?’ ಎಂದು ಕೇಳುತ್ತೇನೆ. ಅರ್ಧ ಗಂಟೆ ಹಿಡಿಯುತ್ತದೆ, ಆದರೆ ಮರೆತ ಫಾಂಟ್, ಹಳೇ ಪ್ರಿಂಟರ್ ಎಲ್ಲ ಆ ಮಾತಿನಲ್ಲೇ ಹೊರಬೀಳುತ್ತವೆ.

ಸಾಹುಕಾರರಿಗೆ 10ರ ಮೇಲೇ 11 ಹಾಕಿ, ಸ್ಟಾರ್ಟ್ ಬಟನ್ ಎಡಕ್ಕೆ ತಂದುಕೊಟ್ಟೆ. ಮಾರನೇ ದಿನವೇ ಬಂದರು. ‘ಹಳೇದೇ ಹಾಕಿಕೊಡಪ್ಪ.’ ಫಾರ್ಮ್ಯಾಟ್ ಮಾಡದೆ ಹಾಕಿದ್ದರೆ ಹತ್ತು ದಿನದೊಳಗೆ ಹಿಂದಿನದಕ್ಕೆ ಮರಳಲು ಸೆಟ್ಟಿಂಗ್ಸ್‌ನಲ್ಲೇ ದಾರಿಯಿದೆ. ‘ಒಂಬತ್ತನೇ ದಿನ ಬನ್ನಿ ಸಾಹುಕಾರ್ರೇ, ಒಂದೇ ಕ್ಲಿಕ್‌ನಲ್ಲಿ ಹಾಕಿಕೊಡ್ತೀನಿ’ ಅಂದೆ.

ರಿಜಿಸ್ಟರ್‌ನಲ್ಲಿ ಅವರ ಹೆಸರಿನ ಮುಂದಿನ ಸಾಲು ಹದಿನೇಳನೇ ದಿನದ್ದು. ಏನು ತೊಂದರೆ: ‘ಪ್ರಿಂಟರ್ ಇಂಕ್ ಖಾಲಿ.’