ಬೆಂಗಳೂರು-ಕೋಲ್ಕತ್ತಾ ವಿಮಾನ ಪ್ರಯಾಣ: ದೂರವೆಷ್ಟು, ಸಮಯವೆಷ್ಟು? ಒಂದು ಜೀವ ಉಳಿಸಿದ ಲೆಕ್ಕಾಚಾರ ಇಲ್ಲಿದೆ

ಕೋಲ್ಕತ್ತಾ: ಬೆಂಗಳೂರಿನಿಂದ ಕೋಲ್ಕತ್ತಾಗೆ ವಿಮಾನದಲ್ಲಿ ಎಷ್ಟು ಹೊತ್ತು ಬೇಕು? ಚುಟುಕಾದ ಉತ್ತರ: ಸುಮಾರು ಎರಡೂವರೆ ಗಂಟೆ. ಆದರೆ ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಅರ್ಧ ದಿನವೇ ಬೇಕಾಗಬಹುದು. ಯಾಕೆ? ಮಾಹಿತಿ ಇಲ್ಲಿದೆ.

ದೂರ ಎಷ್ಟು?

ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಕೋಲ್ಕತ್ತಾದ ದಮ್‌ದಮ್‌ನಲ್ಲಿರುವ ನೇತಾಜಿ ಸುಭಾಷ್‌ಚಂದ್ರ ಬೋಸ್ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 1,550 ಕಿ.ಮೀ. ಈ ಗೆರೆ ಹೆಚ್ಚೂಕಡಿಮೆ ಅರ್ಧ ದಾರಿಯಲ್ಲಿ ವಿಶಾಖಪಟ್ಟಣದ ಆಸುಪಾಸಿನಲ್ಲಿ ಹಾದುಹೋಗುತ್ತದೆ. ರೈಲಿನಲ್ಲಾದರೆ ದೂರ 1,900 ಕಿ.ಮೀ. ದಾಟುತ್ತದೆ, ಪ್ರಯಾಣಕ್ಕೆ ಒಂದು ದಿನಕ್ಕಿಂತ ಹೆಚ್ಚು ಬೇಕು.

ಟಿಕೆಟ್‌ನಲ್ಲಿ ಸಮಯ ಹೆಚ್ಚು ಯಾಕೆ?

ಗಂಟೆಗೆ 800 ಕಿ.ಮೀ. ವೇಗದಲ್ಲಿ ಹಾರಿದರೆ ಎರಡು ಗಂಟೆಯೊಳಗೆ ತಲುಪಬೇಕಲ್ಲವೇ? ಆದರೆ ವಿಮಾನ ಆ ವೇಗದಲ್ಲಿ ಹೋಗುವುದು ಮೇಲೇರಿದ ನಂತರವಷ್ಟೇ. ಏರುವಾಗ, ಇಳಿಯುವಾಗ ವೇಗ ಕಡಿಮೆ. ಟಿಕೆಟ್‌ನಲ್ಲಿ ನಮೂದಿಸುವ ಅವಧಿ ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ನಿಲ್ಲುವವರೆಗಿನದು. ರನ್‌ವೇಗೆ ಸಾಗುವುದು, ಸರದಿಗೆ ಕಾಯುವುದು ಎಲ್ಲವೂ ಅದರಲ್ಲಿ ಸೇರಿರುತ್ತವೆ.

ಗಾಳಿಯ ಪಾತ್ರವೂ ಇದೆ. ಚಳಿಗಾಲದಲ್ಲಿ ಎತ್ತರದ ಗಾಳಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಆಗ ಕೋಲ್ಕತ್ತಾ ಕಡೆಗೆ ಹೋಗುವ ವಿಮಾನಕ್ಕೆ ಅನುಕೂಲ. ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ ಎತ್ತರದ ಗಾಳಿ ಪೂರ್ವದಿಂದ ಬೀಸುವುದರಿಂದ ಬೆಂಗಳೂರಿಗೆ ಮರಳುವ ವಿಮಾನಕ್ಕೆ ಲಾಭ.

ನಿಮಿಷಗಳೇ ಮುಖ್ಯವಾದ ದಿನ

2018ರ ಮೇ 21ರಂದು ಇದೇ ದಾರಿಯಲ್ಲಿ ಒಂದು ಹೃದಯ ಪ್ರಯಾಣಿಸಿತ್ತು. ಬೆಂಗಳೂರಿನಲ್ಲಿ ಮಿದುಳು ನಿಷ್ಕ್ರಿಯಗೊಂಡಿದ್ದ ಯುವಕನ ಹೃದಯವನ್ನು ವಿಮಾನದಲ್ಲಿ ಕೋಲ್ಕತ್ತಾಗೆ ತಂದು, ಆನಂದಪುರದ ಫೋರ್ಟಿಸ್ ಆಸ್ಪತ್ರೆಯಲ್ಲಿ ಜಾರ್ಖಂಡ್‌ನ ವ್ಯಕ್ತಿಗೆ ಕಸಿ ಮಾಡಲಾಯಿತು. ಅದು ಪೂರ್ವ ಭಾರತದ ಮೊದಲ ಹೃದಯ ಕಸಿ.

ದೇಹದಿಂದ ತೆಗೆದು ಶೀತಲ ಪೆಟ್ಟಿಗೆಯಲ್ಲಿಟ್ಟ ಹೃದಯವನ್ನು ಸಾಮಾನ್ಯವಾಗಿ ಸುಮಾರು 4 ಗಂಟೆಯೊಳಗೆ ಜೋಡಿಸಬೇಕು. ಅದರಲ್ಲಿ ಎರಡೂವರೆ ಗಂಟೆ ವಿಮಾನಕ್ಕೇ ಹೋದರೆ, ಎರಡೂ ಊರುಗಳ ರಸ್ತೆಗೆ ಮತ್ತು ಶಸ್ತ್ರಚಿಕಿತ್ಸೆಗೆ ಉಳಿಯುವುದು ಒಂದೂವರೆ ಗಂಟೆ ಮಾತ್ರ. ಸಂಚಾರ ಪೊಲೀಸರು ಹಸಿರು ಕಾರಿಡಾರ್ ನಿರ್ಮಿಸುವುದು ಇದೇ ಕಾರಣಕ್ಕೆ. ಆಕಾಶದಲ್ಲಿ ಸಮಯ ಉಳಿಸಲು ಹೆಚ್ಚು ಅವಕಾಶವಿಲ್ಲ, ಉಳಿಸಬೇಕಾದದ್ದು ನೆಲದ ಮೇಲೆ.

ಪ್ರಯಾಣಿಕರು ಗಮನಿಸಬೇಕಾದದ್ದು

* ಬೆಂಗಳೂರಿನ ನಗರ ಕೇಂದ್ರದಿಂದ ವಿಮಾನ ನಿಲ್ದಾಣಕ್ಕೆ ಸುಮಾರು 35 ಕಿ.ಮೀ. ರಸ್ತೆ, ತಪಾಸಣೆ, ಲಗೇಜ್ ಎಲ್ಲ ಸೇರಿ ಒಟ್ಟು 6ರಿಂದ 7 ಗಂಟೆ ಇಟ್ಟುಕೊಳ್ಳುವುದು ಒಳಿತು.
* ಏಪ್ರಿಲ್-ಮೇ ತಿಂಗಳ ಸಂಜೆ ಬಂಗಾಳದಲ್ಲಿ 'ಕಾಲಬೈಶಾಖಿ' ಗುಡುಗು ಮಳೆ, ಚಳಿಗಾಲದ ಮುಂಜಾನೆ ಮಂಜು. ಎರಡೂ ವಿಮಾನವನ್ನು ತಡಮಾಡಬಲ್ಲವು. ಕೋಲ್ಕತ್ತಾದಿಂದ ಮುಂದೆ ಇನ್ನೊಂದು ವಿಮಾನ ಅಥವಾ ರೈಲು ಹಿಡಿಯುವವರು ಸಾಕಷ್ಟು ಅಂತರ ಬಿಡಿ.
* ಗಡಿಯಾರ ಬದಲಿಸುವ ಅಗತ್ಯವಿಲ್ಲ, ಆದರೆ ಕತ್ತಲು ಬೇಗ ಆವರಿಸುತ್ತದೆ. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಂಜೆ 6ರ ಸುಮಾರಿಗೆ ಸೂರ್ಯ ಮುಳುಗಿದರೆ, ಕೋಲ್ಕತ್ತಾದಲ್ಲಿ 5ಕ್ಕೇ ಮುಳುಗಿರುತ್ತಾನೆ. ಹೊಸ ಊರಿನಲ್ಲಿ ಬೆಳಕಿರುವಾಗಲೇ ವಿಳಾಸ ಹುಡುಕಬೇಕೆಂದರೆ ಬೆಳಗಿನ ವಿಮಾನವೇ ಅನುಕೂಲ.