ಕಾರಿನ ಆಯಸ್ಸು, ಚಿಪ್‌ನ ಆಯಸ್ಸು

ಬಿ.ಇ. ಓದುತ್ತಿರುವ ನಮ್ಮ ಬ್ಯಾಚ್‌ನಲ್ಲಿ ವಾಹನ ಕ್ಷೇತ್ರದ ಸಾಫ್ಟ್‌ವೇರ್ ಕೆಲಸಕ್ಕೆ ಆಸೆಪಡುವವರು ಬಹಳ ಮಂದಿ. ಬಾಷ್, ಮರ್ಸಿಡಿಸ್ ಬೆಂಜ್‌ನಂಥ ಕಂಪನಿಗಳ ದೊಡ್ಡ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ. ಮಾತು ಶುರುವಾದರೆ ನಾವೆಲ್ಲ ಚಾಲಕರಹಿತ ಕಾರು, ಕೃತಕ ಬುದ್ಧಿಮತ್ತೆ ಎನ್ನುತ್ತೇವೆ. ಆದರೆ ಕಾರು ಕೈಕೊಡಲು ಅಷ್ಟು ದೊಡ್ಡ ಕಾರಣವೇ ಬೇಕಿಲ್ಲ. ಟೆಸ್ಲಾದ ಒಂದು ಪ್ರಕರಣ ಓದಿದ ಮೇಲೆ ನನಗೆ ಹಾಗನ್ನಿಸಿದೆ.

ಟೆಸ್ಲಾದ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳಲ್ಲಿ ಬಟನ್‌ಗಳು ಕಡಿಮೆ. ಹೆಚ್ಚಿನದೆಲ್ಲ ನಡುವಿನ ಟಚ್‌ಸ್ಕ್ರೀನ್‌ನಲ್ಲೇ ಇರುತ್ತದೆ. 2018ರ ಆರಂಭದವರೆಗೆ ತಯಾರಾದ ಕಾರುಗಳಲ್ಲಿ ಆ ಸ್ಕ್ರೀನ್ ನಡೆಸುವ ಕಂಪ್ಯೂಟರ್‌ಗೆ 8 ಜಿಬಿಯ ಫ್ಲ್ಯಾಷ್ ಮೆಮೊರಿ ಇತ್ತು. ಫ್ಲ್ಯಾಷ್ ಮೆಮೊರಿಯಲ್ಲಿ ಬರೆದು ಅಳಿಸುವುದಕ್ಕೆ ಮಿತಿಯಿದೆ. ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತಾಗುವಂತೆ ಅದೂ ಸವೆಯುತ್ತದೆ. ಈ ಚಿಪ್‌ನ ಒಂದೊಂದು ಬ್ಲಾಕ್‌ನ ಮಿತಿ ಸುಮಾರು 3,000 ಸಲ. ಸಾಫ್ಟ್‌ವೇರ್ ತನ್ನ ಪಾಡಿಗೆ ಲಾಗ್ ಬರೆಯುತ್ತಲೇ ಹೋಯಿತು. ಐದಾರು ವರ್ಷಗಳಲ್ಲಿ ಚಿಪ್‌ಗಳು ಸೋಲತೊಡಗಿದವು, ಸ್ಕ್ರೀನ್‌ಗಳು ಕಪ್ಪಾದವು.

ಬ್ರೇಕ್, ಸ್ಟೀರಿಂಗ್‌ಗೆ ಇದರಿಂದ ಏನೂ ಆಗಲಿಲ್ಲ. ಆದರೆ ಹಿಂಬದಿ ಕ್ಯಾಮೆರಾದ ಚಿತ್ರ, ಗಾಜಿನ ಮಂಜು ತೆಗೆಯುವ ನಿಯಂತ್ರಣ ಸ್ಕ್ರೀನ್ ಜೊತೆಗೇ ಹೋದವು. 2021ರ ಜನವರಿಯಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಕಾರುಗಳನ್ನು ವಾಪಸ್ ಕರೆಸಲು ಸೂಚಿಸಿತು. ಇಂಥ ಬಿಡಿಭಾಗ ಕಾರಿನ ಪೂರ್ತಿ ಆಯಸ್ಸಿನುದ್ದಕ್ಕೂ ಬಾಳಬೇಕೆಂದು ನಿರೀಕ್ಷಿಸಲಾಗದು ಎಂಬುದು ಟೆಸ್ಲಾದ ವಾದವಾಗಿತ್ತು. ಹಾಗಿದ್ದೂ ಮರುತಿಂಗಳೇ ಸುಮಾರು 1.35 ಲಕ್ಷ ಕಾರುಗಳಿಗೆ 64 ಜಿಬಿಯ ಮೆಮೊರಿ ಹಾಕಿಕೊಡಲು ಅದು ಒಪ್ಪಿತು.

ಗಮನಿಸಿ, ಇಲ್ಲಿ ಚಿಪ್ ಕಳಪೆಯಾಗಿರಲಿಲ್ಲ, ಅದು ಬಾಳಬೇಕಾದಷ್ಟು ಬಾಳಿತು. ಲಾಗ್ ಬರೆಯುವುದು ಸಾಫ್ಟ್‌ವೇರ್‌ನ ತಪ್ಪೂ ಅಲ್ಲ. ಎಷ್ಟು ಬರೆಯುತ್ತೇವೆ, ಚಿಪ್ ಎಷ್ಟು ತಾಳುತ್ತದೆ, ಕಾರು ಎಷ್ಟು ವರ್ಷ ಓಡಬೇಕು ಎಂಬ ಮೂರನ್ನೂ ಕೂಡಿಸಿ ಹಾಕಬೇಕಾದ ಲೆಕ್ಕ ತಪ್ಪಿತ್ತು. ಫೋನನ್ನು ಮೂರ್ನಾಲ್ಕು ವರ್ಷಕ್ಕೆ ಬದಲಿಸುತ್ತೇವೆ. ಕಾರು ಹಾಗಲ್ಲ, ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿಯೇ 15 ವರ್ಷ. ವಾರಂಟಿ ಮುಗಿದ ಮೇಲೆ ಸ್ಕ್ರೀನ್ ಕೆಟ್ಟರೆ, ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರ ಜೇಬಿಗೇ ಕತ್ತರಿ.

ಈ ಲೆಕ್ಕ ಕಲಿಯಲು ಟೆಸ್ಲಾ ಬೇಕಿಲ್ಲ. ಲ್ಯಾಬ್‌ನಲ್ಲಿರುವ ಆರ್ಡುಯಿನೊ ಊನೊ ಬೋರ್ಡ್‌ನ ಇಇಪ್ರಾಮ್‌ಗೆ 1,00,000 ಸಲ ಬರೆಯಬಹುದು ಎಂದು ಡೇಟಾಶೀಟ್ ಹೇಳುತ್ತದೆ. ದೊಡ್ಡ ಸಂಖ್ಯೆಯೇ ಸರಿ. ಆದರೆ ಒಂದೇ ಜಾಗಕ್ಕೆ ಸೆಕೆಂಡಿಗೊಮ್ಮೆ ಬರೆದರೆ 28 ಗಂಟೆಯೊಳಗೆ ಆ ಮಿತಿ ಮುಗಿಯುತ್ತದೆ! ನಮ್ಮ ಪ್ರಾಜೆಕ್ಟ್ ಡೆಮೊ ಹತ್ತು ನಿಮಿಷದ್ದು, ಹಾಗಾಗಿ ಇದು ಅಲ್ಲಿ ಕಾಣುವುದೇ ಇಲ್ಲ.

ಸ್ನೇಹಿತರೇ, ಈ ಸಲದ ಪ್ರಾಜೆಕ್ಟ್ ವರದಿಯಲ್ಲಿ ಒಂದು ಪುಟವನ್ನು ಈ ಲೆಕ್ಕಕ್ಕೆ ಮೀಸಲಿಡೋಣ. ನಾಳೆ ಸಂದರ್ಶನದಲ್ಲಿ ಹೇಳಿಕೊಳ್ಳಲು ಒಂದು ಒಳ್ಳೆಯ ವಿಷಯವೂ ಸಿಕ್ಕಂತಾಗುತ್ತದೆ.